ಹೊಂಗೆಹುತ್ತದ ಕಿಟಕಿಗಳು

ಮಕ್ಕಳೇ, ಕುರುಚಲು ಕಾಡಿನ ಅಂಚಿನಲ್ಲಿ ಒಂದು ಹುತ್ತವಿತ್ತು. ನಿಮ್ಮ ಮೇಷ್ಟರು ನಿಂತು ಕೈ ಮೇಲೆತ್ತಿದರೆ ಎಷ್ಟಾಗುತ್ತದೋ ಅಷ್ಟೆತ್ತರ. ಹೊರಗಿನವರು ಅದನ್ನು ಮಣ್ಣಿನ ಗುಡ್ಡೆ ಎನ್ನುತ್ತಿದ್ದರು. ಒಳಗಿನವರು ಕೇಳಿಸಿಕೊಂಡಿದ್ದರೆ ಜಗಳಕ್ಕೇ ಬರುತ್ತಿದ್ದರು! ಅದು ಗೆದ್ದಲುಗಳ ಪಟ್ಟಣ. ಪಕ್ಕದಲ್ಲೊಂದು ಹೊಂಗೆಮರ ಇದ್ದುದರಿಂದ ಅದಕ್ಕೆ ಹೊಂಗೆಹುತ್ತ ಎಂದು ಹೆಸರು.

ಅಲ್ಲಿ ಮೇಲ್ಬೀದಿ ಇತ್ತು, ಕೆಳಬೀದಿ ಇತ್ತು, ರಾಣಿಯಮ್ಮ ಪುರುಸೊತ್ತಿಲ್ಲದೆ ಮೊಟ್ಟೆ ಇಡುವ ಅರಮನೆ ಇತ್ತು. ನಟ್ಟನಡುವೆ ಅಣಬೆತೋಟ. ಗೆದ್ದಲುಗಳು ಎಲೆ, ಕಡ್ಡಿ, ತೊಗಟೆ ಅಗಿದು ತಂದು ಅಲ್ಲಿ ಹರಡುತ್ತಿದ್ದವು. ಅದರ ಮೇಲೆ ಬೆಳೆಯುವ ಬಿಳಿ ಅಣಬೆಯೇ ಊರಿಗೆಲ್ಲ ಊಟ. ತೋಟ ತಂಪಾಗಿದ್ದರೆ ಊಟ ಉಂಟು, ಒಣಗಿದರೆ ಇಲ್ಲ.

ಆ ಊರಿನಲ್ಲಿ ಯಾರ ಮನೆಗೂ ಕಿಟಕಿ ಇರಲಿಲ್ಲ. ಊರಿಗೆಲ್ಲ ಸೇರಿ ಒಂದೇ ಒಂದು ದೊಡ್ಡ ಗಾಳಿಕೊಳವೆ. ನೆಲಮಾಳಿಗೆಯ ತಣ್ಣನೆ ಗಾಳಿ ಬೀದಿ ಬೀದಿ ಸುತ್ತಿ, ಮನೆಮನೆಯ ಬಿಸಿಯನ್ನು ಹೊತ್ತುಕೊಂಡು, ಕೊಳವೆ ಹತ್ತಿ ತುದಿಯಿಂದ ಹೊರಗೆ ಹೋಗುತ್ತಿತ್ತು. ಕೊಳವೆಯ ಒಳಗು ಎಷ್ಟು ಅಂಕುಡೊಂಕೆಂದರೆ, ಗಾಳಿ ಬಿಟ್ಟರೆ ಬೇರೆ ಯಾರೂ ಅಲ್ಲಿ ನುಗ್ಗುವಂತಿರಲಿಲ್ಲ.

ಹೀಗಿರಲು ಬೇಸಿಗೆಗೆ ಬುದ್ಧಿ ಕೆಟ್ಟಿತು. ಶಿವರಾತ್ರಿ ಕಳೆದ ಮೇಲೆ ಬರಬೇಕಾದ ಬಿಸಿಲು ಸಂಕ್ರಾಂತಿಗೇ ಬಂದು ಕೂತಿತು. ಯುಗಾದಿ ಹೋದರೂ ಮಳೆಯ ಒಂದು ಹನಿ ಇಲ್ಲ. ಹೊಂಗೆಮರ ಒಣಗಿ ಕಡ್ಡಿಯಾಯಿತು, ಹುತ್ತದ ಮೇಲಿನ ನೆರಳೂ ಹೋಯಿತು. ಮೇಲ್ಬೀದಿಯಂತೂ ಕಾದ ಹೆಂಚು!

ಆ ಮೇಲ್ಬೀದಿಯಲ್ಲಿ ಸೊಗಸಪ್ಪ ಎಂಬ ಗೆದ್ದಲು ತನ್ನ ಅಣ್ಣ ಚೆಲುವಪ್ಪನೊಡನೆ ವಾಸವಾಗಿದ್ದ. ಸೊಗಸಪ್ಪನಿಗೆ ತನ್ನ ಮನೆ ಎಂದರೆ ಪ್ರಾಣ. ಪಕ್ಕದ ಮನೆ ಕುಸಿದು ಬಿದ್ದರೂ "ಅಯ್ಯೋ, ನಮ್ಮ ಗೋಡೆಗೆ ಧೂಳು ಹತ್ತಿತಲ್ಲ" ಎನ್ನುವ ಆಸಾಮಿ.

"ಅಣ್ಣಾ, ನಾನು ಬೆಂದುಹೋದೆ. ಗೋಡೆಗೊಂದು ಕಿಟಕಿ ಕೊರೆಯೋಣವೇ?" ಎಂದ ಸೊಗಸಪ್ಪ.

"ಊರಲ್ಲಿ ಯಾರನ್ನಾದರೂ ಒಂದು ಮಾತು ಕೇಳೋಣ ಕಣೋ," ಎಂದ ಚೆಲುವಪ್ಪ.

"ನಮ್ಮ ಗೋಡೆ, ನಮ್ಮ ಕಿಟಕಿ. ಊರನ್ನು ಏಕೆ ಕೇಳಬೇಕು?" ಎಂದು ಸೊಗಸಪ್ಪ ಗೋಡೆಗೆ ಬಾಯಿ ಹಾಕಿಯೇಬಿಟ್ಟ.

ಗೋಡೆಯ ಆಚೆ ಓತಿಕ್ಯಾತ ಬಿಸಿಲಿಗೆ ಮೈಯೊಡ್ಡಿ ಕೂತಿದ್ದ. ಓತಿಕ್ಯಾತನ ಅಭ್ಯಾಸ ನಿಮಗೆ ಗೊತ್ತಲ್ಲ? ಯಾರು ಏನು ಕೇಳಿದರೂ ತಲೆಯನ್ನು ಮೇಲೆ ಕೆಳಗೆ ಆಡಿಸುವುದು. ಸೊಗಸಪ್ಪ ಸಾಸಿವೆಯಷ್ಟು ತೂತು ಮಾಡಿ ಇಣುಕಿ ಕೇಳಿದ: "ಓತಿಯಣ್ಣಾ, ಇಲ್ಲೊಂದು ಕಿಟಕಿ ಇಟ್ಟರೆ ಮನೆ ತಂಪಾಗುತ್ತದೆಯೇ?"

ಓತಿಕ್ಯಾತ ತಲೆ ಆಡಿಸಿದ.

"ಯಾರಿಗೂ ತೊಂದರೆ ಇಲ್ಲ ತಾನೆ?"

ಓತಿಕ್ಯಾತ ಇನ್ನೂ ಜೋರಾಗಿ ತಲೆ ಆಡಿಸಿದ. "ಇನ್ನೊಂದಿಷ್ಟು ಅಗಲ ಮಾಡು ತಮ್ಮಾ. ಗಾಳಿಗೆ ಜಾಗ ಸಾಲದು," ಎಂದು ನಾಲಿಗೆ ಚಪ್ಪರಿಸಿದ.

ಕಿಟಕಿ ಆಯಿತು. ಬೆಳಗಿನ ತಂಗಾಳಿ ಸುಯ್ಯೆಂದು ಒಳಗೆ ಬಂತು. ಆದರೆ ಮನೆಯಲ್ಲಿದ್ದ ಬಿಸಿ ಎಲ್ಲಿಗೆ ಹೋಗಬೇಕು? ನೇರವಾಗಿ ಪಕ್ಕದ ಮನೆಗೆ ಹೋಯಿತು. ಪಕ್ಕದ ಮನೆಯಾಕೆ ಸಿಡುಕಿದಳು: "ಓಹೋ, ಅವನ ಸೆಕೆಯನ್ನು ನಾನು ಅನುಭವಿಸಬೇಕೋ? ನಾನೇನು ಕಡಿಮೆ?" ಅವಳೂ ಕಿಟಕಿ ಕೊರೆದಳು. ಅವಳ ಬಿಸಿ ಅದರಾಚೆಯ ಮನೆಗೆ ಹೋಯಿತು. ಅವರೂ ಕೊರೆದರು. ಎಲ್ಲರೂ ಓತಿಕ್ಯಾತನನ್ನು ಕೇಳಿಯೇ ಕೊರೆದರು, ಓತಿಕ್ಯಾತ ಎಲ್ಲರಿಗೂ ತಲೆ ಆಡಿಸಿದ. ಎಲ್ಲರ ಮನೆ ದೋಸೆಯೂ ತೂತು ಎನ್ನುತ್ತಾರೆ; ಇಲ್ಲಿ ಮನೆಗಳೇ ತೂತಾದವು!

ಮಧ್ಯಾಹ್ನವಾಯಿತು. ತಂಗಾಳಿ ಹೋಗಿ ಬಿಸಿಗಾಳಿ ಎದ್ದಿತು. ಅದೂ ಕಿಟಕಿಯಿಂದಲೇ ಒಳಗೆ ಬಂತು. ಗೋಡೆಯ ತುಂಬ ತೂತುಗಳಿರುವಾಗ ಕೊಳವೆ ಗಾಳಿಯನ್ನು ಮೇಲಕ್ಕೆ ಎಳೆಯುವುದು ಹೇಗೆ? ನೆಲಮಾಳಿಗೆಯ ತಂಪು ನೆಲಮಾಳಿಗೆಯಲ್ಲೇ ಉಳಿಯಿತು. ಅಣಬೆತೋಟದ ಅಂಚು ಹಳದಿಯಾಯಿತು.

ತೋಟ ನೋಡಿಕೊಳ್ಳುವ ದುಂಡಕ್ಕ ಏದುಸಿರು ಬಿಡುತ್ತಾ ಮೇಲ್ಬೀದಿಗೆ ಓಡಿಬಂದಳು. "ಯಾರ್ರೀ ಅದು ಕಿಟಕಿ ಇಟ್ಟವರು? ತೋಟ ಒಣಗುತ್ತಿದೆ! ಮುಚ್ಚಿ, ಮುಚ್ಚಿ!"

"ನನ್ನದು ಸಾಸಿವೆಯಷ್ಟು ದುಂಡಕ್ಕಾ. ಸಾಸಿವೆಯಷ್ಟು ಕಿಟಕಿಗೆ ಅಷ್ಟು ದೊಡ್ಡ ತೋಟ ಒಣಗುತ್ತದೆಯೇ? ಪಕ್ಕದವರದ್ದು ಮುಚ್ಚಿಸಿ," ಎಂದ ಸೊಗಸಪ್ಪ.

"ಅವನು ಮುಚ್ಚಲಿ, ಆಮೇಲೆ ನಾನು," ಎಂದಳು ಪಕ್ಕದ ಮನೆಯಾಕೆ.

"ಅವರಿಬ್ಬರೂ ಮುಚ್ಚಲಿ, ಆಮೇಲೆ ನೋಡೋಣ," ಎಂದರು ಆಚೆಯವರು.

ಅಷ್ಟರಲ್ಲಿ ಸೊಗಸಪ್ಪನ ಕಿಟಕಿಯ ಹತ್ತಿರ ಏನೋ ಸರಕ್ಕೆಂದಿತು. "ಯಾರದು, ನೆಂಟರೇ?" ಎಂದು ಚೆಲುವಪ್ಪ ನೋಡಲು ಹೋದ. ಒಂದು ಉದ್ದನೆಯ, ಅಂಟಂಟು ನಾಲಿಗೆ ಒಳಗೆ ಬಂತು, ಹೊರಗೆ ಹೋಯಿತು. ಚೆಲುವಪ್ಪ ಇರಲಿಲ್ಲ.

"ಅಣ್ಣಾ!" ಎಂದು ಸೊಗಸಪ್ಪ ಕಿರುಚಿದ.

ನಾಲಿಗೆ ಪಕ್ಕದ ಕಿಟಕಿಗೆ ಹೋಯಿತು. ಅಲ್ಲಿಂದ ಅದರಾಚೆಗೆ. ಓತಿಕ್ಯಾತ ಈಗ ತಲೆ ಆಡಿಸುತ್ತಿರಲಿಲ್ಲ, ದವಡೆ ಆಡಿಸುತ್ತಿದ್ದ! ಕಾವಲಿನ ಗೆದ್ದಲುಗಳು ಓಡಿಬಂದರೆ ಅವರನ್ನೂ ಎಲ್ಲರೂ ಎಳೆದಾಡಿದರು. "ಮೊದಲು ನಮ್ಮ ಮನೆಗೆ ಬನ್ನಿ!" "ನಮ್ಮಲ್ಲಿ ಪುಟ್ಟ ಮರಿಗಳಿವೆ, ಇಲ್ಲಿ ಬನ್ನಿ!" ಒಂದು ಕಿಟಕಿ ಮುಚ್ಚುವಷ್ಟರಲ್ಲಿ ನಾಲಿಗೆ ಇನ್ನೊಂದರಲ್ಲಿ ಇರುತ್ತಿತ್ತು.

ದುಂಡಕ್ಕ ಬೀದಿಯ ನಡುವೆ ನಿಂತು ಕೂಗಿದಳು: "ಒಬ್ಬರ ಹಿಂದೆ ಒಬ್ಬರು ಮುಚ್ಚಿದರೆ ಆಗದು! ಎಲ್ಲರೂ ಬಾಯಿ ತುಂಬ ಮಣ್ಣು ತುಂಬಿಕೊಂಡು ನಿಲ್ಲಿ. ನಾನು ಹೂಂ ಎಂದ ಕೂಡಲೇ ಎಲ್ಲ ಕಿಟಕಿಯೂ ಒಟ್ಟಿಗೇ!" ಎಲ್ಲರ ಬಾಯಿ ತುಂಬಿದ್ದೇ ತಡ, "ಹೂಂ!" ಎಂದಳು.

ಬಾಯಲ್ಲಿ ಮಣ್ಣು ತುಂಬಿದ್ದರಿಂದ ಯಾರಿಗೂ ವಾದ ಮಾಡಲು ಆಗಲಿಲ್ಲ. ಇಡೀ ಬೀದಿಯೇ ಒಮ್ಮೆಗೇ ಮುಚ್ಚಿತು. ಓತಿಕ್ಯಾತನ ಮೂಗಿಗೆ ಗೋಡೆ ಸಿಕ್ಕಿತು.

ಓತಿಕ್ಯಾತ ಹೋದ. ಸೆಕೆ ಮಾತ್ರ ಹೋಗಲಿಲ್ಲ.

ಅಂದೇ ಸಂಜೆ ಅಣಬೆತೋಟದಲ್ಲಿ ಊರೆಲ್ಲ ಸೇರಿತು. ಮೊದಲು ರಾಣಿಯಮ್ಮನಿಗೆ ಹೇಳಿ ಕಳಿಸಿದರು. "ನನಗೆ ಮೊಟ್ಟೆ ಇಡುವುದು ಬಿಟ್ಟು ಬೇರೇನೂ ಬಾರದಪ್ಪಾ. ನೀವೇ ಕೂತು ಯೋಚಿಸಿ," ಎಂದು ಉತ್ತರ ಬಂತು. ಸರಿ, ಎಲ್ಲರೂ ಕೂತು ಸೂರ್ಯನನ್ನು ಬೈದರು. ಬೈದು ಬೈದು ಸುಸ್ತಾದ ಮೇಲೆ ದುಂಡಕ್ಕ ಕೇಳಿದಳು: "ಸೂರ್ಯ ಹೋದ ವರ್ಷವೂ ಇದ್ದ. ಹೊಂಗೆಯ ನೆರಳೂ ಇತ್ತು. ಆ ಮರದ ಹಸಿ ತೊಗಟೆ ತಿಂದವರು ಯಾರು?"



"ನಾನು ಒಂದೇ ತುತ್ತು," ಎಂದಿತು ಒಂದು ದನಿ. "ನಾನೂ ಒಂದೇ," ಎಂದಿತು ಇನ್ನೊಂದು. ದುಂಡಕ್ಕ ನಿಟ್ಟುಸಿರುಬಿಟ್ಟಳು. "ನಾನೂ ತಿಂದಿದ್ದೇನೆ. ಒಂದಲ್ಲ, ಎರಡು ತುತ್ತು. ಮೆತ್ತಗಿತ್ತು."

ಆಮೇಲೆ ಮಾತು ಸಲೀಸಾಯಿತು. ಇನ್ನು ಮೇಲೆ ಜೀವ ಇರುವ ಗಿಡಕ್ಕೆ ಯಾರೂ ಬಾಯಿ ಹಾಕಬಾರದು, ಎಷ್ಟು ದೂರವಾದರೂ ನಡೆದು ಉದುರಿದ ಕಡ್ಡಿಯನ್ನೇ ತರಬೇಕು ಎಂದಾಯಿತು. ಕೊಳವೆಯನ್ನು ಇನ್ನೂ ಎತ್ತರಕ್ಕೆ ಕಟ್ಟಬೇಕು ಎಂದೂ ಆಯಿತು. ನೆಲಮಾಳಿಗೆಯನ್ನು ಒದ್ದೆಮಣ್ಣು ಸಿಗುವವರೆಗೆ ತೋಡಿ, ಆ ಮಣ್ಣನ್ನು ಕೆಳಬೀದಿಯವರು ತೋಟಕ್ಕೂ ಮೇಲ್ಬೀದಿಗೂ ಹೊತ್ತು ಹಾಕಬೇಕು ಎಂಬಲ್ಲಿಗೆ ಬಂದಾಗ ಕೆಳಬೀದಿಯ ತಂಪಮ್ಮ ಎದ್ದು ನಿಂತಳು.

"ನಮ್ಮ ಬೀದಿ ತಣ್ಣಗೇ ಇದೆ. ಕಿಟಕಿ ಕೊರೆದವರು ಮೇಲಿನವರು, ಮಣ್ಣು ಹೊರಬೇಕಾದವರು ನಾವೋ? ಚೆನ್ನಾಗಿದೆ ನ್ಯಾಯ!"

"ತೋಟ ಒಣಗಿದರೆ ಏನು ತಿನ್ನುತ್ತೀ ತಂಪಮ್ಮಾ?" ಎಂದಳು ದುಂಡಕ್ಕ. "ನಿನ್ನ ಬೀದಿಯ ತಂಪನ್ನೇ ತಿನ್ನುತ್ತೀಯಾ?"

ಕೆಲವರು ನಕ್ಕರು. ತಂಪಮ್ಮ ನಗಲಿಲ್ಲ. "ಹೊರುವುದು ಹೊರುತ್ತೇವೆ. ನಮಗೇನು ಸಿಗುತ್ತದೆ, ಅದನ್ನೂ ಹೇಳಿ," ಎಂದಳು.

ಆಗ ಸೊಗಸಪ್ಪ ಎದ್ದ. ಅಣ್ಣನನ್ನು ಕಳೆದುಕೊಂಡ ಮೇಲೆ ಅವನು ಆಡಿದ ಮೊದಲ ಮಾತು ಅದು. "ಬಿಸಿಲಲ್ಲಿ ಕೂತು ಕೊಳವೆ ಕಟ್ಟುವ ಕೆಲಸ ಮೇಲ್ಬೀದಿಯವರದ್ದು. ನಿಮ್ಮವರು ಯಾರೂ ಬಿಸಿಲಿಗೆ ಬರುವುದು ಬೇಡ. ನಮ್ಮ ಮರಿಗಳಿಗೆ ಮಾತ್ರ ಬೇಸಿಗೆ ಮುಗಿಯುವ ತನಕ ನಿಮ್ಮ ಬೀದಿಯಲ್ಲಿ ಜಾಗ ಕೊಡಿ. ಮಳೆ ಬಂದು ನಿಮ್ಮ ಬೀದಿಗೆ ನೀರು ನುಗ್ಗಿದರೆ ನಿಮ್ಮ ಮರಿಗಳು ನಮ್ಮಲ್ಲಿಗೆ ಬರಲಿ."

ತಂಪಮ್ಮ ಸ್ವಲ್ಪ ಹೊತ್ತು ಮೀಸೆ ತಿರುಗಿಸಿದಳು. ಹೌದು ಮಕ್ಕಳೇ, ಗೆದ್ದಲುಗಳಲ್ಲಿ ಹೆಂಗಸರಿಗೂ ಮೀಸೆ ಇರುತ್ತದೆ. "ಮಳೆಯ ಮಾತು ನನಗೆ ಹೊಳೆದಿರಲಿಲ್ಲ. ಒಪ್ಪಿದೆ," ಎಂದಳು.

ಮರುದಿನವೇ ಕೆಲಸ ಶುರುವಾಯಿತು. ಎಲ್ಲವೂ ಸುಸೂತ್ರವಾಗಿ ನಡೆಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಕೊಳವೆ ಒಮ್ಮೆ ಕುಸಿಯಿತು. ಕೆಳಬೀದಿಯಲ್ಲಿ ಮರಿಗಳ ಗಲಾಟೆಗೆ ಯಾರಿಗೂ ನಿದ್ದೆ ಇಲ್ಲ. ಒಣಕಡ್ಡಿ ಅಗಿದು ಅಗಿದು ಹಲ್ಲು ನೋವೆಂದು ಗೊಣಗದವರಿಲ್ಲ. ಆದರೂ ಬಿಡಲಿಲ್ಲ. ಬಿಸಿಲು ಹಾಗೆಯೇ ಸುಡುತ್ತಿತ್ತು, ಹುತ್ತದ ಒಳಗೆ ಮಾತ್ರ ಗಾಳಿ ಮತ್ತೆ ಓಡಾಡತೊಡಗಿತು. ಅರ್ಧ ತೋಟ ಒಣಗಿತ್ತು, ಅರ್ಧ ಉಳಿಯಿತು. ಎಲ್ಲರೂ ಅರೆಹೊಟ್ಟೆ ಉಂಡರು, ಯಾರೂ ಉಪವಾಸ ಬೀಳಲಿಲ್ಲ. ಒಣಗಿದ ಹೊಂಗೆಯ ಬೇರಿನಿಂದ ಎಳೆ ಚಿಗುರೊಂದು ಮೇಲೆದ್ದಿತು. ಅದರ ಸುತ್ತ ಕಾವಲು ಹಾಕಿದರು. ಕಳ್ಳರಿಂದ ಕಾಯಲಲ್ಲ, ತಮ್ಮ ಬಾಯಿಂದಲೇ ಕಾಯಲು!

ಒಂದು ದಿನ ತಂಪಮ್ಮ ಒದ್ದೆಮಣ್ಣು ಹೊತ್ತು ಮೊದಲ ಬಾರಿಗೆ ಮೇಲ್ಬೀದಿಯ ತುದಿಯವರೆಗೂ ಹತ್ತಿದಳು. ಸೊಗಸಪ್ಪ ಕೊಳವೆಯ ಬಾಯಿಗೆ ಮಣ್ಣು ಮೆತ್ತುತ್ತಿದ್ದ. ಗೋಡೆ ಮುಟ್ಟಿದ ತಂಪಮ್ಮ ಕೈ ಹಿಂದಕ್ಕೆಳೆದುಕೊಂಡಳು.

"ಅಬ್ಬಾ! ಇಂಥ ಬಿಸಿಯಲ್ಲಿ ಇದ್ದಿರಾ ನೀವು? ನಮಗೆ ಒಂದು ಮಾತು ಹೇಳಬಾರದಿತ್ತೇ?"

"ನೀವು ಕೇಳಲಿಲ್ಲ ತಂಪಕ್ಕಾ," ಎಂದ ಸೊಗಸಪ್ಪ, ಹೊರೆ ಇಳಿಸಲು ಕೈ ನೀಡುತ್ತಾ. "ನಾವೂ ಹೇಳಲಿಲ್ಲ. ಕಿಟಕಿ ಕೊರೆದೆವು."

ನೀತಿ: ತನ್ನ ಮನೆಯೊಂದನ್ನೇ ತಂಪು ಮಾಡಿಕೊಳ್ಳಲು ಹೊರಟವನು ಊರನ್ನು ಬೇಯಿಸುತ್ತಾನೆ, ಊರೆಲ್ಲ ಕೂತು ಯೋಚಿಸಿ ದುಡಿದರೆ ಪ್ರತಿ ಮನೆಯೂ ಉಳಿಯುತ್ತದೆ.