ಒಂದು ಬಾಯಿ ಹೂಳು

ಆ ಕೆರೆಗೊಂದು ಕಟ್ಟಳೆಯಿತ್ತು: ನೀರು ಕುಡಿದವರು ಒಂದು ಬಾಯಿ ಹೂಳು ಕಚ್ಚಿ ದಂಡೆಗೆ ಹಾಕಿ ಹೋಗಬೇಕು. ಕಾಡುಕೋಣದ್ದು ಬುಟ್ಟಿಯಷ್ಟು, ಅಳಿಲಿನದು ಕಡಲೆಯಷ್ಟು. ಆ ಕಾಲದ ಗದ್ದಲ, ನಗೆ ಮುದಿ ಆಮೆಯ ಕಿವಿಯಲ್ಲಿ ಇನ್ನೂ ಇತ್ತು.

ಮುಖಂಡನಾದ ನರಿ ಒಂದು ದಿನ, "ನಿಮಗೇಕೆ ಈ ಪಾಡು? ಹೂಳನ್ನು ಮೊಸಳೆ ಎತ್ತುತ್ತದೆ, ಕೆರೆ ಎಲ್ಲರದೇ ಆಗಿರುತ್ತದೆ" ಎಂದು ಪ್ರಾಣಿಗಳಿಗೆ ಹೇಳಿ ಮೊಸಳೆಯೊಂದಿಗೆ ಕರಾರು ಮಾಡಿಕೊಂಡಿತು. ಅಂದಿನಿಂದ ನರಿಯ ಗುಹೆಗೆ ದಿನಾ ಮೀನು ಬಂತು. ಹೂಳನ್ನು ಯಾರೂ ಎತ್ತಲಿಲ್ಲ. ನೀರು ಮೊಸಳೆಯ ಮಡುವಿನಲ್ಲಷ್ಟೇ ಉಳಿಯಿತು, ಜಿಂಕೆಮರಿಗಳು ದಂಡೆಯಲ್ಲೇ ಬಾಯಾರಿ ಬಿದ್ದವು.

ಆಮೆ ಹಳೆಯ ರೂಢಿಯಂತೆ ಒಂದು ಬಾಯಿ ಹೂಳು ಕಚ್ಚಿತು.

"ಏ ಮುದುಕಿ, ಹೂಳೂ ಕರಾರಿಗೆ ಸೇರಿದ್ದು. ಉಗುಳು!" ಎಂದು ನರಿ ಗದರಿತು.

ಆಮೆ ಉಗುಳಿತು, ನರಿಯ ಮುಖಕ್ಕೇ. ಅದನ್ನು ಕಂಡ ಅಳಿಲು ಮರದಿಂದಿಳಿದು ಬಂದು ಕಡಲೆಯಷ್ಟು ಹೂಳು ಕಚ್ಚಿತು.