ಬೀಗರ ಚಹಾಕ್ಕೆ ಬಿಟ್ಟ ಒಲೆ

ಇಡೀ ಜಿಲ್ಲೆಯ ಮೊಟ್ಟಮೊದಲ ಕಂಪ್ಯೂಟರಿಗೆ ಆಯುಧಪೂಜೆಯ ದಿನ ಕುಂಬಳಕಾಯಿ ಒಡೆದವನು ನಾನೇ. ಸುಳ್ಳು. ಒಡೆದದ್ದು ಪಕ್ಕದ ಸೈಕಲ್ ಅಂಗಡಿಯ ಮುಂದೆ, ಅದೂ ಕೈ ಜಾರಿ. ಆದರೆ ಈಗ ಹೇಳುವ ಕಥೆ ನಿಜ, ಹೆಚ್ಚುಕಡಿಮೆ.

ಬಸ್ ನಿಲ್ದಾಣದ ಎದುರು ಅಂದಾನೆಪ್ಪ ಮತ್ತು ಅವನ ಹೆಂಡತಿ ಗಿರಿಜವ್ವ ಫೋಟೋ ಸ್ಟುಡಿಯೋ ಇಟ್ಟಿದ್ದರು. ಇದ್ದದ್ದು ಒಂದೇ ಕಂಪ್ಯೂಟರು. ಅದರ ಪ್ರೊಸೆಸರಿನಲ್ಲಿ ನಾಲ್ಕು ಕೋರ್, ಅಂದರೆ ನಾಲ್ಕು ಕೈ ಅಂತ ತಿಳಿಯಿರಿ. ಮದುವೆಯ ವಿಡಿಯೋ ಸಿದ್ಧಮಾಡುವ ಭಾರದ ಕೆಲಸ ಪರದೆಯ ಹಿಂದೆ ತನ್ನಷ್ಟಕ್ಕೆ ನಡೆಯುತ್ತಿತ್ತು. ಮುಂದೆ ಗಿರಾಕಿಗಳ ಫೋಟೋ ಪ್ರಿಂಟು.

ಅಂದಾನೆಪ್ಪನಿಗೆ ಏನಾದರೂ ಖಾಲಿ ಇರುವುದನ್ನು ಕಂಡರೆ ಆಗದು. ಮೊಪೆಡ್ಡಿನಲ್ಲಿ ಕಾಲಿಡುವ ಜಾಗಕ್ಕೂ ಸಾಮಾನು ಹೇರುವವನು. ಕಾಲು ಎಲ್ಲಿಡುತ್ತಿದ್ದನೋ ದೇವರೇ ಬಲ್ಲ. ಆ ದಿನ ವಿಡಿಯೋಕ್ಕೆ ನಾಲ್ಕೂ ಕೈ ಕೊಟ್ಟುಬಿಟ್ಟ.

"ಸಂಜಿಗೆ ಮದವಿ ಬೀಗರು ವಿಡಿಯೋ ಒಯ್ಯಾಕ ಬರ್ತಾರ. ಒಂದ್ ಕೈನೂ ಸುಮ್ನ ಕುಂದ್ರಬಾರದು" ಅಂದ. ಕಂಪ್ಯೂಟರಿನ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಕೂಗತೊಡಗಿತು.

ಮಧ್ಯಾಹ್ನ ಯಲ್ಲವ್ವ ಅನ್ನುವ ಹುಡುಗಿ ಓಡಿಬಂದಳು. ಕಂಡಕ್ಟರ್ ಕೆಲಸಕ್ಕೆ ಆಯ್ಕೆಯಾಗಿದ್ದಳು. ಇವತ್ತೇ ಹೊಸ ಫೋಟೋದೊಂದಿಗೆ ಜಿಲ್ಲಾ ಕಚೇರಿಗೆ ಹಾಜರಾಗದಿದ್ದರೆ ಆ ಕೆಲಸ ಮುಂದಿನವರ ಪಾಲು.

"ಅಣ್ಣಾರ, ಲಗೂನ ಕೊಡ್ರಿ. ಬಸ್ ಬಿಡಾಕತ್ತೈತಿ."

ಗಿರಿಜವ್ವ ಫೋಟೋ ತೆಗೆದಳು. ಪ್ರಿಂಟು ಕೊಡೋಣವೆಂದರೆ ಪರದೆ ಕಲ್ಲಾಗಿತ್ತು. ಮೌಸ್ ಎಳೆದರೆ ಬಾಣದ ಗುರುತು, ಮೂರು ಸಲ ಕರೆಯದೆ ಊಟಕ್ಕೆ ಏಳದ ಬೀಗರ ಹಾಗೆ, ಎಷ್ಟೋ ಹೊತ್ತಿಗೆ ಒಂದು ಹೆಜ್ಜೆ ಇಡುತ್ತಿತ್ತು.

"ಆ ವಿಡಿಯೋ ನಿಲ್ಲಸ್ರಿ" ಅಂದಳು ಗಿರಿಜವ್ವ.

"ಮುಂಜಾನಿಂದ ಮಾಡಿದ್ದೆಲ್ಲಾ ಹೋಗತೈತಿ. ಮತ್ತ ಮೊದಲಿಂದ ಹಚ್ಚಬೇಕು."

"ಹಂಗಾರ ಇಲ್ಲಿ ನೋಡ್ರಿ. ನೀವ ತಗದಿದ್ದು."

ಪರದೆಯ ಮೇಲೆ ಮದುವೆಯ ಅಡುಗೆಮನೆ ನಿಂತಲ್ಲೇ ನಿಂತಿತ್ತು. ನಾಲ್ಕು ಒಲೆ. ಮೂರರ ಮೇಲೆ ದೊಡ್ಡ ದೊಡ್ಡ ಹಂಡೆ. ನಾಲ್ಕನೆಯದು ಖಾಲಿ, ಪಕ್ಕದಲ್ಲಿ ಚಹಾದ ಸಣ್ಣ ಪಾತ್ರೆ.

"ಸಾವಿರ ಮಂದಿ ಊಟ ಐತಂತ ನಾಕೂ ಒಲಿಗೆ ಹಂಡೆ ಏರ್ಸ್ಯಾರೇನು? ಕೂಸಿಗೆ ಹಾಲು, ತಡಾ ಮಾಡಿ ಬಂದ ಬೀಗರಿಗೆ ಚಹಾ, ಅದಕ್ಕಂತ ಒಂದು ಬಿಟ್ಟಾರ. ನೀವು ಕ್ಯಾಮೆರಾ ಹಿಡದ್ರಿ, ಕಣ್ಣು ಹಿಡೀಲಿಲ್ಲ."

ಹೊರಗೆ ಬಸ್ಸು ಹಾರ್ನ್ ಹೊಡೆಯಿತು. ಅಂದಾನೆಪ್ಪ ಹಲ್ಲು ಕಚ್ಚಿಕೊಂಡು ವಿಡಿಯೋ ನಿಲ್ಲಿಸಿದ. ಫೋಟೋ ಹೊರಬಂತು. ಯಲ್ಲವ್ವ ಅದರ ಹಸಿ ಶಾಯಿಯನ್ನು ಊದುತ್ತಲೇ ಓಡಿ ಬಸ್ಸಿನ ಮೆಟ್ಟಿಲು ಹತ್ತಿದಳು.

ಆಮೇಲೆ ಅವನು ವಿಡಿಯೋವನ್ನು ಮೊದಲಿಂದ ಹಚ್ಚಿದ. ಈ ಸಲ ಅದಕ್ಕೆ ಮೂರೇ ಕೈ, ಒಂದು ಗಿರಾಕಿಗೆ. ಫ್ಯಾನಿನ ಕೂಗು ಇಳಿಯಿತು. ಆಗ ಗೊತ್ತಾಯಿತು: ನಾಲ್ಕೂ ಕೈ ಮೈಮುರಿದು ದುಡಿದಾಗ ಯಂತ್ರ ಕಾದು, ಸುಟ್ಟುಹೋಗದಿರಲೆಂದು ತಾನೇ ನಿಧಾನವಾಗುತ್ತಿತ್ತು. ಮೂರು ತಣ್ಣಗೆ ಓಡಿದವು. ಸಂಜೆ ಬೀಗರು ಬಂದಾಗ ವಿಡಿಯೋ ಸ್ವಲ್ಪವೇ ಉಳಿದಿತ್ತು. ಕಾಯುತ್ತ ಕೂತವರು ಸುಮ್ಮನಿರಲಾರದೆ ಒಬ್ಬೊಬ್ಬರಾಗಿ ಫೋಟೋ ತೆಗೆಸಿಕೊಂಡರು. ಅವೂ ಪ್ರಿಂಟಾದವು, ವಿಡಿಯೋವೂ ಮುಗಿಯಿತು.

ಮುಂದೊಂದು ದಿನ ಅಂದಾನೆಪ್ಪ ಕಿಕ್ಕಿರಿದ ಬಸ್ಸು ಹತ್ತಿದ. ಕಂಡಕ್ಟರ್ ಯಲ್ಲವ್ವ ತನ್ನ ಸೀಟಿನ ಮೇಲಿದ್ದ ಚೀಲ ಎತ್ತಿದಳು.

"ಕುಂದರ್ರಿ ಅಣ್ಣಾರ. ಇದೊಂದು ಯಾವಾಗ್ಲೂ ಬಿಟ್ಟಿರ್ತೀನಿ."

ನಾನೂ ಆ ಬಸ್ಸಿನಲ್ಲೇ ಇದ್ದೆ. ಇರಲಿಲ್ಲ ಬಿಡಿ. ಇದ್ದಿದ್ದರೆ ಆ ಸೀಟು ಅವನಿಗೆ ಸಿಗುತ್ತಿತ್ತೇ?

ನೀತಿ: ಹಿಂದೆ ನಡೆಯುವ ಭಾರದ ಕೆಲಸಕ್ಕೆ ಇರುವ ಶಕ್ತಿಯನ್ನೆಲ್ಲ ಸುರಿಯಬೇಡಿ. ಬಾಗಿಲಿಗೆ ಬಂದವರಿಗಾಗಿ ಒಂದು ಕೈ ಬಿಡುವಾಗಿರಲಿ; ಆಗ ಎರಡೂ ಕೆಲಸ ನಡೆಯುತ್ತವೆ.

ನಾನಂತೂ ನನ್ನ ಎರಡು ಕೈಯನ್ನೂ ಬಿಡುವಾಗಿ ಇಟ್ಟಿದ್ದೇನೆ, ಜೇಬಿನ ಕಡೆ ಹೋಗುವುದೇ ಇಲ್ಲ. ಕಥೆ ಹೇಳುತ್ತ ನಾನು ಕುಡಿದ ಈ ಚಹಾದ ದುಡ್ಡು ನೀವೇ ಕೊಟ್ಟುಬಿಡಿ.