ಪೊದೆ ಕಡಿದ ಹೊಂಡ

“ಗುರುಗಳೇ, ಕೆಟ್ಟದ್ದು ಒಳಗೆ ಬಂದೀತೆಂಬ ಭಯಕ್ಕೆ ಸುತ್ತಲಿನ ಎಲ್ಲರನ್ನೂ ದೂರ ಮಾಡಿದೆ. ಈ ಬೆಳಿಗ್ಗೆ ನೋಡಲು ಬಂದ ತಾಯಿಯನ್ನೂ ಬಾಗಿಲಿನಿಂದಲೇ ಕಳಿಸಿದೆ. ಮನಸ್ಸು ತಿಳಿನೀರಾಗಿದೆ. ಆದರೂ ಅದರಲ್ಲಿ ಒಳ್ಳೆಯದೇನೂ ಹುಟ್ಟುತ್ತಿಲ್ಲ. ಏಕೆ?” ಎಂದು ಮರುಳಯ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ರೈತನಿದ್ದ. ಅವನ ಹಿತ್ತಲಲ್ಲಿ ಒಂದು ಹೊಂಡ, ಹೊಂಡದ ಸುತ್ತ ಲಕ್ಕಿ ಪೊದೆ, ಹುಲ್ಲು, ತರಗೆಲೆ. ಮೊದಲ ಮಳೆಗೆ ಕಪ್ಪೆಗಳು ಅಲ್ಲಿ ಸೇರಿ ವಟಗುಟ್ಟುತ್ತಿದ್ದವು. ನೀರಿನಲ್ಲಿ ಅವುಗಳ ಮೊಟ್ಟೆ ಕಂಡ ಮೇಲೆಯೇ ಆ ಮನೆಯಲ್ಲಿ ಬಿತ್ತನೆಯ ಭತ್ತ ನೆನೆಹಾಕುವ ರೂಢಿ.

ರೈತನ ಹೆಂಡತಿ ಆ ಪೊದೆಯ ಹತ್ತಿರವೇ ಹಾವು ಕಚ್ಚಿ ಸತ್ತಿದ್ದಳು. ಅಂದಿನಿಂದ ಅವನಿಗೆ ಹಗ್ಗ ಕಂಡರೂ ಎದೆ ಧಸಕ್ಕೆನ್ನುತ್ತಿತ್ತು. ಈಗ ಒಬ್ಬಳೇ ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಅವನು ಕುಡುಗೋಲು ಹಿಡಿದು ಪೊದೆಗಳನ್ನೆಲ್ಲ ಸವರಿದ, ತರಗೆಲೆಗೆ ಬೆಂಕಿಯಿಟ್ಟ. ನೀರನ್ನು ಮಾತ್ರ ಮುಟ್ಟಲಿಲ್ಲ. ಭಯಕ್ಕೆ ಅಷ್ಟು ಸಾಲದು. ಬಸುರಿಗೆ ದೃಷ್ಟಿ ತಾಗೀತೆಂದು ಕೇರಿಯ ಹೆಂಗಸರಿಗೆ ಬರಬೇಡಿರೆಂದ. ಬೇಲಿಯಾಚೆಯ ಸೂಲಗಿತ್ತಿಗೂ ಅದೇ ಮಾತು ಹೇಳಿದ.

ಮಳೆ ಬಂತು. ಹೊಂಡ ತುಂಬಿತು. ಒಂದು ಕಪ್ಪೆಯೂ ಕೂಗಲಿಲ್ಲ.

ಆ ಮೌನ ಮಗಳಿಗೆ ಕೇಡಿನ ಸೂಚನೆಯೆಂದೇ ರೈತ ಬಗೆದ. ಬಿತ್ತನೆಯ ಭತ್ತವನ್ನು ಮುಟ್ಟಲು ಧೈರ್ಯವಾಗಲಿಲ್ಲ. ಗದ್ದೆಯ ಬದುವಿನಲ್ಲಿ ಕಪ್ಪೆ ಹಿಡಿದು, ಮಡಕೆಯಲ್ಲಿ ತಂದು ಹೊಂಡಕ್ಕೆ ಬಿಟ್ಟ. ಬೆಳಗಾದಾಗ ಹೊಂಡದಲ್ಲಿ ಒಂದು ಕಪ್ಪೆಯೂ ಇಲ್ಲ. ಹುಡುಕುತ್ತ ಹೋದ. ಕೆಲವು ಬೋಳು ನೆಲ ದಾಟಲಾರದೆ ಸತ್ತು ಬಿದ್ದಿದ್ದವು. ಉಳಿದವು ಸೂಲಗಿತ್ತಿಯ ಬೇಲಿಯ ಬುಡದಲ್ಲಿ, ಎಮ್ಮೆ ಹೊರಳುವ ರಾಡಿಗುಂಡಿಯಲ್ಲಿ ಮೊಟ್ಟೆಯಿಟ್ಟಿದ್ದವು.

“ಅಷ್ಟು ಒಳ್ಳೆ ನೀರು ಬಿಟ್ಟು ಈ ರಾಡಿಗೆ ಬಂದ್ವಲ್ಲ!” ಎಂದ ರೈತ.

ಸೂಲಗಿತ್ತಿ ಬೇಲಿಯ ಮೇಲಿಂದ ಇಣುಕಿದಳು. ಅವಳಿಗೆ ಸಿಟ್ಟು ಇನ್ನೂ ಆರಿರಲಿಲ್ಲ. “ನೀರಿಗೆ ಅವು ಬರೋದು ಮೊಟ್ಟೆ ಇಡೋಕಷ್ಟೇ ಕಣಪ್ಪಾ. ಆಮೇಲೆ ತಣ್ಣಗೆ ಬದುಕೋಕೆ ಪೊದೆ ಬೇಕು, ತರಗು ಬೇಕು. ಮನೆ ಸುಟ್ಟು ಬಚ್ಚಲಿಗೆ ಕರೆದ್ರೆ ಯಾರು ಬರ್ತಾರೆ?”

ರೈತ ಮನೆಗೆ ಬಂದ. ಮಗಳು ನಡುಮನೆಯಲ್ಲಿ ಕಂಬ ತಬ್ಬಿ ನಿಂತಿದ್ದಳು. ಮೈಯೆಲ್ಲ ಬೆವರು.

“ಯಾಕವ್ವಾ, ಹಾವೇನಾದ್ರೂ ಕಂಡ್ತಾ?”

“ಬೇನೆ ಕಣಪ್ಪಾ. ಆವಾಗಿಂದ ಕೂಗ್ತಾ ಇದ್ದೀನಿ. ಓ ಅನ್ನೋರು ಒಬ್ರೂ ಇಲ್ವಲ್ಲ!”

ರೈತ ಬಂದ ದಾರಿಯಲ್ಲೇ ಬೇಲಿಯ ಕಡೆಗೆ ಓಡಿದ.

ಗುರುಗಳು ಅಲ್ಲಿಗೇ ನಿಲ್ಲಿಸಿದರು. ಮರುಳಯ್ಯನಿಗೆ ತಡೆಯಲಾಗಲಿಲ್ಲ. “ಆಮೇಲೆ? ಆ ಸೂಲಗಿತ್ತಿ ಬಂದಳೇ?” ಎಂದು ಕೇಳಿದ.

“ನಿನ್ನ ತಾಯಿ ಇನ್ನೂ ಹಳ್ಳ ದಾಟಿರಲಿಕ್ಕಿಲ್ಲ” ಎಂದರು ಗುರುಗಳು.

ಮರುಳಯ್ಯ ಎದ್ದು ಹಳ್ಳದ ಕಡೆಗೆ ಓಡಿದ.